ಚಳಿಯ ನಾಡಿಗೆ ಎಷ್ಟು ಬಟ್ಟೆ?

ಉಡುಪು ಅಲ್ಲಾಹನು ಮನುಷ್ಯನಿಗೆ ಕರುಣಿಸಿದ ಮಹಾ ಅನುಗ್ರಹಗಳಲ್ಲಿ ಒಂದು. ಸೂರಃ ಅಲ್ ಅಅ್‌ರಾಫ್‌ನ 26ನೆಯ ಆಯತ್ತಿನಲ್ಲಿ ಆದಮರ ಮಕ್ಕಳನ್ನು ಉದ್ದೇಶಿಸಿ ಅಲ್ಲಾಹನು ಈ ಅನುಗ್ರಹವನ್ನು ನೆನಪಿಸಿದ್ದಾನೆ. ಮಾನ ಮುಚ್ಚುವುದು ಉಡುಪಿನ ಮೊದಲ ಕೆಲಸ, ಅಲಂಕಾರ ಎರಡನೆಯದು, ಇವೆರಡಕ್ಕಿಂತಲೂ ಮೇಲಾದದ್ದು ತಖ್ವಾದ ಉಡುಪು ಎಂಬುದು ಆ ಆಯತ್ತಿನಿಂದ ನಮಗೆ ಸಿಗುವ ಪಾಠ. ಸೂರಃ ಅನ್ನಹ್ಲ್‌ನ 81ನೆಯ ಆಯತ್ತಿನಲ್ಲಿ ಬಿಸಿಲಿನಿಂದ ಕಾಪಾಡುವ ಅಂಗಿಗಳ ಪ್ರಸ್ತಾಪವಿದೆ. ಹಾಗಾದರೆ ಚಳಿಯ ಮಾತೇಕಿಲ್ಲ ಎಂದು ಕೆಲವರು ಕೇಳುವುದುಂಟು. ಆಯತ್ತನ್ನು ಮೊದಲು ಆಲಿಸಿದವರು ಮರಳುಗಾಡಿನ ಜನ, ಒಂದನ್ನು ಹೇಳಿದರೆ ಅದರ ಎದುರಿನದೂ ತಾನಾಗಿ ಅರ್ಥವಾಗುತ್ತದೆ ಎಂದು ವ್ಯಾಖ್ಯಾನಕಾರರು ಉತ್ತರಿಸಿದ್ದಾರೆ. ಅಲ್ಲದೆ ಅದೇ ಸೂರಃದ ಆರಂಭದಲ್ಲಿ, 5ನೆಯ ಆಯತ್ತಿನಲ್ಲಿ, ಜಾನುವಾರುಗಳಿಂದ ನಿಮಗೆ ಬೆಚ್ಚನೆಯ ಆಸರೆಯಿದೆ ಎಂಬ ಮಾತು ಬಂದೇ ಹೋಗಿದೆ. 80ನೆಯ ಆಯತ್ತಿನಲ್ಲಿ ಉಣ್ಣೆಯನ್ನು ಹೆಸರಿಸಿಯೇ ಹೇಳಲಾಗಿದೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ಕೊಡಗಿನ ಮುಸ್ಲಿಂ ಮನೆಗಳಿಂದ ಗಲ್ಫಿಗೆ ಹೋಗುವುದು ಹಳೆಯ ಸಂಗತಿ. ಆ ಪೆಟ್ಟಿಗೆ ಕಟ್ಟುವುದು ನಮ್ಮ ಉಮ್ಮಂದಿರಿಗೆ ಕರತಲಾಮಲಕ. ತೆಳುವಾದ ನಾಲ್ಕು ಶರ್ಟು, ಎರಡು ಮುಂಡು, ಉಪ್ಪಿನಕಾಯಿ, ಹಲ್ವ, ಅಷ್ಟೇ. ಆದರೆ ಈಚಿನ ವರ್ಷಗಳಲ್ಲಿ ಓದಿಗೂ ನರ್ಸಿಂಗ್ ಮುಂತಾದ ಕೆಲಸಕ್ಕೂ ಜರ್ಮನಿ, ಐರ್ಲೆಂಡ್ ಮುಂತಾದ ಚಳಿದೇಶಗಳಿಗೆ ಹೊರಡುವ ನಮ್ಮ ಯುವಕ ಯುವತಿಯರ ಸಂಖ್ಯೆ ಹೆಚ್ಚುತ್ತಿದೆ. ಈ ಪೆಟ್ಟಿಗೆ ಹೇಗೆ ಕಟ್ಟಬೇಕೆಂದು ಮನೆಯಲ್ಲಿ ಯಾರಿಗೂ ತಿಳಿಯದು. ತಿಳಿಯದಿದ್ದಾಗ ನಾವು ಮಾಡುವುದೇನು? ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತೇವೆ. ಕಾಲೇಜಿನ ಶುಲ್ಕಕ್ಕೆ ಉಮ್ಮನ ಬಳೆ ಬ್ಯಾಂಕಿನಲ್ಲಿ ಅಡವಿಟ್ಟಾಗಿದೆ, ವಿಮಾನದ ಟಿಕೇಟಿಗೆ ಮಾವನಿಂದ ಕೈಸಾಲ ತಂದಾಗಿದೆ. ಅದರ ಮೇಲೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಹತ್ತಿಪ್ಪತ್ತು ಸಾವಿರದ ಜರ್ಕಿನ್, ಬೂಟು, ಕೋಟು! ಅಲ್ಲಿಗೆ ತಲುಪಿ ಒಂದು ತಿಂಗಳಾಗುವಾಗ ಅದರಲ್ಲಿ ಅರ್ಧ ಕೆಲಸಕ್ಕೆ ಬಾರದ್ದೆಂದು ಗೊತ್ತಾಗುತ್ತದೆ. ಹಣ ಹೋದದ್ದು ಒಂದು ನಷ್ಟ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಮಿತವೆಂದರೆ ಜಿಪುಣತನವಲ್ಲ

ಉಣ್ಣುವುದು, ಕುಡಿಯುವುದು, ದಾನ ಕೊಡುವುದು, ಉಡುವುದು ಎಲ್ಲವನ್ನೂ ಮಾಡಿರಿ, ಆದರೆ ದುಂದು ಮತ್ತು ಅಹಂಕಾರ ಅದರಲ್ಲಿ ಬೆರೆಯದಿರಲಿ ಎಂಬ ಅರ್ಥದ ಪ್ರವಾದಿವರ್ಯರ(ಸ) ಉಪದೇಶವನ್ನು ಇಮಾಮ್ ನಸಾಈ, ಇಬ್ನು ಮಾಜಃ ಮುಂತಾದವರು ವರದಿ ಮಾಡಿದ್ದಾರೆ. ಸಂಪತ್ತಿದ್ದೂ ಹರಕು ಉಡುಪಿನಲ್ಲಿ ಬಂದ ಒಬ್ಬ ಸಹಾಬಿಯನ್ನು ಪ್ರವಾದಿವರ್ಯರು(ಸ) ವಿಚಾರಿಸಿ, ಅಲ್ಲಾಹನು ನಿನಗೆ ಕೊಟ್ಟದ್ದರ ಗುರುತು ನಿನ್ನ ಮೇಲೆ ಕಾಣಲಿ ಎಂದು ತಿಳಿಹೇಳಿದ್ದೂ ಇದೆ. ಇನ್ನೊಂದು ಕಡೆ, ಪ್ರವಾದಿವರ್ಯರು(ಸ) ವಫಾತಾದಾಗ ಅವರ ಮೈಮೇಲಿದ್ದದ್ದು ತೇಪೆ ಹಾಕಿದ ಒಂದು ಹೊದಿಕೆ ಮತ್ತು ಒರಟಾದ ಒಂದು ಉಡುಬಟ್ಟೆ ಎಂದು ಬೀವಿ ಆಯಿಶಾ(ರ) ಅವನ್ನು ಹೊರತೆಗೆದು ತೋರಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವನಿಗೆ ಇಸ್ಲಾಮಿನ ದಾರಿ ತಿಳಿಯುತ್ತದೆ. ಕೊಳಕಾಗಿ ತಿರುಗುವುದು ದೀನ್ ಅಲ್ಲ, ಅಲಮಾರು ತುಂಬಿಸುವುದೂ ಅಲ್ಲ.

ಜನರು ಬೆರಳು ಮಾಡಿ ತೋರಿಸಲಿ ಎಂದು ಉಡುವ ಉಡುಪಿನ ಬಗ್ಗೆ ಕಠಿಣ ಎಚ್ಚರಿಕೆ ಅಬೂದಾವೂದ್ ಮತ್ತು ಇಬ್ನು ಮಾಜಃದಲ್ಲಿದೆ. ಲೋಕದಲ್ಲಿ ಹೆಸರಿಗಾಗಿ ಉಟ್ಟವನಿಗೆ ಪರಲೋಕದಲ್ಲಿ ಅಪಮಾನದ ಉಡುಪು ಕಾದಿದೆ. ಎದೆಯ ಮೇಲೆ ಕಂಪೆನಿಯ ಹೆಸರು ಮಿರುಗುವ ಜರ್ಕಿನ್ನೇ ಬೇಕೆಂದು ಹಟ ಹಿಡಿಯುವ ಮಗನಿಗೆ ಈ ಹದೀಸನ್ನು ತಂದೆಯಾದವರು ಮೆಲ್ಲನೆ ಹೇಳಬೇಕು. ಗದರಿ ಹೇಳಿದರೆ ಪ್ರಯೋಜನವಿಲ್ಲ. ಹೊರಡುವ ವಯಸ್ಸು ಅದಲ್ಲ.

ಕೊಡಗಿನವರಿಗೆ ಚಳಿ ಗೊತ್ತೇ?

ನಮಗೆ ಚಳಿ ಗೊತ್ತು ಎಂದು ನಾವು ಭಾವಿಸುತ್ತೇವೆ. ಸ್ವಲ್ಪ ನಿಜ, ಸ್ವಲ್ಪ ಅಲ್ಲ. ಮಡಿಕೇರಿಯಲ್ಲಿ ಡಿಸೆಂಬರ್-ಜನವರಿಯ ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೆ ನಾವು ಅಗ್ಗಿಷ್ಟಿಕೆ ಹುಡುಕುತ್ತೇವೆ. ಬರ್ಲಿನ್‌ನಲ್ಲಿ ಜನವರಿಯ ಸರಾಸರಿಯೇ ಸುಮಾರು 1 ಡಿಗ್ರಿ. ಡಬ್ಲಿನ್‌ನಲ್ಲಿ 5ರ ಸುಮಾರು, ಆದರೆ ಅಲ್ಲಿ ಗಾಳಿ ಮತ್ತು ಜಿನುಗು ಮಳೆ ಸೇರಿಕೊಳ್ಳುತ್ತದೆ. ಹೆಲ್ಸಿಂಕಿಯಲ್ಲಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ. ಹಾಗಾಗಿ ಊರಿನ ಸ್ವೆಟರ್ ಮಾತ್ರ ನಂಬಿಕೊಂಡು ಹೋಗುವಂತಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ನಮ್ಮಲ್ಲಿ ಹೊರಗೆ ಎಷ್ಟು ಚಳಿಯೋ ಮನೆಯೊಳಗೂ ಅಷ್ಟೇ ಚಳಿ. ಮೈಮೇಲೆ ಹಾಕಿದ್ದನ್ನು ಮಲಗುವ ತನಕ ತೆಗೆಯುವ ಪ್ರಶ್ನೆಯಿಲ್ಲ. ಅಲ್ಲಿ ಹಾಗಲ್ಲ. ಹೊರಗೆ ನೀರು ಹೆಪ್ಪುಗಟ್ಟುತ್ತಿದ್ದರೆ ತರಗತಿ, ಬಸ್ಸು, ಆಸ್ಪತ್ರೆ, ಅಂಗಡಿಗಳ ಒಳಗೆ 20 ಡಿಗ್ರಿಯ ಆಸುಪಾಸು ಬಿಸಿ ಮಾಡಿರುತ್ತಾರೆ. ದಿನಕ್ಕೆ ಹತ್ತು ಸಲ ಬಿಸಿಯಿಂದ ಚಳಿಗೆ, ಚಳಿಯಿಂದ ಬಿಸಿಗೆ ಹೋಗಬೇಕು. ಆದುದರಿಂದ ಕಂಬಳಿಯಂಥ ದಪ್ಪ ಬಟ್ಟೆ ಒಂದಕ್ಕಿಂತ ತೆಳುವಾದ ಮೂರು ಬಟ್ಟೆ ಒಳ್ಳೆಯದು. ಮೈಗೆ ಅಂಟುವ ಒಳಪದರ ಬೆವರನ್ನು ಹೊರಗೆ ಸಾಗಿಸುತ್ತದೆ, ನಡುವಿನದು ಮೈಯ ಶಾಖವನ್ನು ಹಿಡಿದಿಡುತ್ತದೆ, ಹೊರಗಿನದು ಗಾಳಿ ಮಳೆಯನ್ನು ತಡೆಯುತ್ತದೆ. ಒಳಗೆ ಬಂದಾಗ ಒಂದೊಂದಾಗಿ ಕಳಚಬಹುದು. ಪದರಗಳ ನಡುವೆ ನಿಂತ ಗಾಳಿಯೇ ನಿಜವಾದ ಹೊದಿಕೆ. ಬಟ್ಟೆ ಬಿಗಿಯಾಗಿದ್ದರೆ ಆ ಗಾಳಿಗೆ ಜಾಗವಿಲ್ಲ. ದೇಹದ ಆಕಾರ ತೋರಿಸುವ ಬಿಗಿ ಉಡುಪು ಬೇಡವೆಂದು ದೀನ್ ಹೇಳಿದ್ದಕ್ಕೂ ಇದಕ್ಕೂ ಇಲ್ಲಿ ವಿರೋಧವೇ ಇಲ್ಲ.

ಒಳಪದರಕ್ಕೆ ಹತ್ತಿ ಬೇಡ. ಇದು ನಮ್ಮವರಿಗೆ ಆಶ್ಚರ್ಯವೆನಿಸಬಹುದು, ಏಕೆಂದರೆ ಹತ್ತಿ ಬನಿಯನ್ ಇಲ್ಲದೆ ನಮಗೆ ದಿನ ಹೋಗುವುದಿಲ್ಲ. ಹತ್ತಿ ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಒದ್ದೆ ಬಟ್ಟೆ ಚಳಿಯಲ್ಲಿ ಮೈಯ ಶಾಖವನ್ನು ಕದಿಯುತ್ತದೆ. ಉಣ್ಣೆಯ ಗುಣ ಬೇರೆ. ಅದು ತನ್ನ ತೂಕದ ಮೂರನೆಯ ಒಂದು ಪಾಲಿಗೆ ಹತ್ತಿರದಷ್ಟು ತೇವವನ್ನು ಹೀರಿದರೂ ಮೈಗೆ ತಣ್ಣಗೆ ತಾಗುವುದಿಲ್ಲ. ಇದನ್ನು ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಗದ್ದೆ ನಾಟಿಯ ದಿನಗಳಲ್ಲಿ ಜೋರು ಮಳೆಗೆ ಕಂಬಳಿ ಕೊಪ್ಪೆ ಹೊದ್ದು ನಿಂತ ನಮ್ಮ ಅಜ್ಜಂದಿರು ನೀರು ಸೋರುತ್ತಿದ್ದರೂ ನಡುಗುತ್ತಿರಲಿಲ್ಲವಲ್ಲ! ಸೂರಃ ಅನ್ನಹ್ಲ್‌ನಲ್ಲಿ ಉಣ್ಣೆಯನ್ನು ಅನುಗ್ರಹವೆಂದು ಎಣಿಸಿದ್ದರ ಅರ್ಥ ಅವರಿಗೆ ಮೈಯಿಂದಲೇ ಗೊತ್ತಿತ್ತು. ಉಣ್ಣೆ ದುಬಾರಿಯಾದರೆ ಪಾಲಿಯೆಸ್ಟರಿನ ಥರ್ಮಲ್ ಒಳಉಡುಪು ಸಾಕು. ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ.

ನಮ್ಮ ಮಳೆಗಾಲವೇ ಇನ್ನೊಂದು ಪಾಠವನ್ನೂ ಕಲಿಸಿದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗೆ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹೊಗೆ ವಾಸನೆಯೊಂದಿಗೆ ಒಣಗಿಸುತ್ತೇವೆ. ಅಲಮಾರಿನಲ್ಲಿ ಮೂವತ್ತು ಜೊತೆ ಬಟ್ಟೆ ಇರುವ ಮನೆಯಲ್ಲಿ ಇಪ್ಪತ್ತು ಜೊತೆಗೆ ಬೂಷ್ಟು ಹಿಡಿದಿರುತ್ತದೆ. ಮದುವೆಗೆಂದು ಹೊಲಿಸಿ ಒಂದೇ ಸಲ ಉಟ್ಟ ಉಡುಪುಗಳ ಗತಿಯಂತೂ ಹೇಳುವುದೇ ಬೇಡ. ಈ ನಾಡಿನಲ್ಲಿ ಬಟ್ಟೆ ಕಡಿಮೆಯಿದ್ದವನದ್ದೇ ಬಟ್ಟೆ ಚೊಕ್ಕವಾಗಿರುತ್ತದೆ. ಅವನು ಇರುವುದನ್ನೇ ಉಟ್ಟು, ಒಗೆದು, ಒಣಗಿಸಿ ಮತ್ತೆ ಉಡುತ್ತಾನೆ. ಚಳಿದೇಶದ ಹಾಸ್ಟೆಲ್ ಕೋಣೆಯಲ್ಲೂ ಇದೇ ಲೆಕ್ಕ.

ವುಝೂಗೆ ಒಗ್ಗುವ ಉಡುಪು

ಮೇಲೆ ದೊಡ್ಡ ನಷ್ಟವೆಂದದ್ದು ಇದರ ಬಗ್ಗೆ. ಬರ್ಲಿನ್‌ನಲ್ಲಿ ಡಿಸೆಂಬರ್ ಕೊನೆಯ ದಿನಗಳಲ್ಲಿ ಸೂರ್ಯ ಹುಟ್ಟುವುದು ಎಂಟೂಕಾಲಕ್ಕೆ, ಮುಳುಗುವುದು ನಾಲ್ಕು ಗಂಟೆಗೆ ಸ್ವಲ್ಪ ಮೊದಲು. ಹಗಲು ಎಂಟು ತಾಸೂ ತುಂಬುವುದಿಲ್ಲ. ಲುಹರ್ ಹನ್ನೆರಡು ದಾಟಿದೊಡನೆ, ಅಸರ್ ಒಂದೂಮುಕ್ಕಾಲರ ಸುಮಾರಿಗೆ, ಮಗ್ರಿಬ್ ನಾಲ್ಕಕ್ಕೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ತರಗತಿಯಲ್ಲೋ ಆಸ್ಪತ್ರೆಯ ವಾರ್ಡಿನಲ್ಲೋ ಇರುವವರಿಗೆ ಮೂರು ನಮಾಝ್‌ಗಳು ಆ ಅವಧಿಯೊಳಗೇ ಬಂದು ಹೋಗುತ್ತವೆ. ಹತ್ತು ನಿಮಿಷದ ಬಿಡುವಿನಲ್ಲಿ ಕೈತೊಳೆಯುವ ಬೇಸಿನ್ನಿನ ಮುಂದೆ ನಿಂತು ವುಝೂ ಮಾಡಬೇಕು. ಈಗ ಯೋಚಿಸಿ, ತೋಳು ಮೊಣಕೈಯ ಮೇಲೇರದ ಬಿಗಿಯಾದ ಥರ್ಮಲ್, ಅದರ ಮೇಲೆ ತೋಳು ಸರಿಯದ ಸ್ವೆಟರ್, ಕಾಲಿನಲ್ಲಿ ಹತ್ತು ತೂತಿನ ಲೇಸು ಕಟ್ಟುವ ಬೂಟು, ಒಳಗೆ ಎರಡು ಜೊತೆ ಕಾಲುಚೀಲ. ಇಷ್ಟನ್ನೂ ಬಿಚ್ಚಿ, ಕಾಲನ್ನು ಬೇಸಿನ್ನಿಗೆ ಎತ್ತಿ ತೊಳೆದು, ಒರೆಸಿ, ಮತ್ತೆ ಕಟ್ಟಿಕೊಳ್ಳುವಷ್ಟರಲ್ಲಿ ಬಿಡುವು ಮುಗಿದಿರುತ್ತದೆ. ಮೊದಲ ವಾರ ಹುಡುಗ ಕಷ್ಟಪಟ್ಟು ಮಾಡುತ್ತಾನೆ. ಎರಡನೆಯ ವಾರ ಕೋಣೆಗೆ ಹೋಗಿ ಖಝಾ ಮಾಡೋಣ ಎನ್ನುತ್ತಾನೆ. ಜನವರಿ ಬರುವಾಗ ಖಝಾದ ಲೆಕ್ಕವೂ ತಪ್ಪಿರುತ್ತದೆ. ಈಮಾನ್ ಕೆಟ್ಟು ನಮಾಝ್ ಬಿಟ್ಟವನಲ್ಲ ಇವನು, ಬೂಟಿನ ಲೇಸಿನಿಂದ ಬಿಟ್ಟವನು!

ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಮುಗೀರತುಬ್ನು ಶುಅ್‌ಬ(ರ) ಹೇಳಿದ ಒಂದು ಘಟನೆಯಿದೆ. ಹಿಜ್ರಾ 9ರ ತಬೂಕ್ ಯಾತ್ರೆ. ಫಜ್ರ್‌ಗೆ ಮುಂಚಿನ ಹೊತ್ತು. ಪ್ರವಾದಿವರ್ಯರು(ಸ) ಶೌಚ ಮುಗಿಸಿ ಬಂದಾಗ ಮುಗೀರ(ರ) ನೀರು ಹೊಯ್ದರು. ಪ್ರವಾದಿವರ್ಯರ(ಸ) ಮೈಮೇಲಿದ್ದದ್ದು ಶಾಮ್ ನಾಡಿನ ಉಣ್ಣೆಯ ಜುಬ್ಬ. ಅದರ ತೋಳು ಬಿಗಿ. ಮೇಲಕ್ಕೆ ಸರಿಸಲು ಆಗಲಿಲ್ಲ. ಅವರು ಕೈಗಳನ್ನು ತೋಳಿನಿಂದ ಒಳಕ್ಕೆ ಎಳೆದು ಜುಬ್ಬದ ಕೆಳಗಿನಿಂದ ಹೊರತೆಗೆದು ತೊಳೆದರು. ಮುಗೀರ(ರ) ಬಗ್ಗಿ ಕಾಲಿನ ಖುಫ್ಫಗಳನ್ನು ಕಳಚಲು ಹೋದಾಗ, ಬಿಡು, ಶುದ್ಧಿಯಲ್ಲಿರುವಾಗಲೇ ಅವನ್ನು ಹಾಕಿದ್ದೇನೆ ಎಂದು ತಡೆದು ಅವುಗಳ ಮೇಲೆ ಸವರಿದರು.

ಈ ಒಂದು ಹದೀಸಿನಲ್ಲಿ ನಮ್ಮ ಪ್ರಯಾಣಿಕನಿಗೆ ಬೇಕಾದದ್ದು ಎಷ್ಟಿದೆ ನೋಡಿರಿ. ಜುಬ್ಬ ಅರಬರದ್ದಲ್ಲ, ಅಂದು ರೋಮನರ ಆಳ್ವಿಕೆಯಲ್ಲಿದ್ದ ಶಾಮ್‌ನದ್ದು. ಅನ್ಯನಾಡಿನ ಉಡುಪು ಎಂಬ ಒಂದೇ ಕಾರಣಕ್ಕೆ ಅದನ್ನು ದೂರವಿಡಲಿಲ್ಲ. ಔರತ್ ಮುಚ್ಚಿದರೆ, ಶುದ್ಧವಾಗಿದ್ದರೆ, ನಿಷಿದ್ಧ ವಸ್ತುವಿನದಲ್ಲದಿದ್ದರೆ, ಇನ್ನೊಂದು ಧರ್ಮದ ಗುರುತಲ್ಲದಿದ್ದರೆ ಕೋಟು ಪ್ಯಾಂಟು ಯಾವುದೂ ಆಗಬಹುದು. ತೋಳು ಬಿಗಿಯಾದರೆ ವುಝೂ ಬಿಡುವುದಿಲ್ಲ, ಉಪಾಯ ಹುಡುಕುತ್ತಾರೆ. ಕಾಲಿನ ವಿಷಯದಲ್ಲಿ ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುತ್ತಾರೆ.

ನಮ್ಮ ಕೊಡಗಿನಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬಿನವರಾದ್ದರಿಂದ ಖುಫ್ಫದ ನಿಯಮವನ್ನು ಅದರಂತೆ ಹೇಳುತ್ತೇನೆ. ಪೂರ್ಣ ವುಝೂ ಮಾಡಿ, ಎರಡೂ ಕಾಲು ತೊಳೆದಾದ ಬಳಿಕ ಹಾಕಿರಬೇಕು. ಹರಡುಗಂಟಿನ ಸಮೇತ ಪಾದವನ್ನು ಸುತ್ತಲೂ ಮುಚ್ಚಬೇಕು. ಶುದ್ಧ ವಸ್ತುವಿನದಾಗಿರಬೇಕು. ನಡೆದಾಡುವಷ್ಟು ಗಟ್ಟಿಯಿರಬೇಕು, ಹೊಯ್ದ ನೀರು ಸುಲಭವಾಗಿ ಒಳಗಿಳಿಯಬಾರದು. ಊರಲ್ಲೇ ಇರುವವನಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕನಿಗೆ ಮೂರು ಹಗಲು ಮೂರು ರಾತ್ರಿ ಅವಕಾಶ. ಎಣಿಕೆ ಶುರುವಾಗುವುದು ಹಾಕಿದ ಬಳಿಕ ಮೊದಲ ಸಲ ವುಝೂ ಮುರಿದಾಗಿನಿಂದ. ಅಲ್ಲಿ ವರ್ಷಗಟ್ಟಲೆ ಓದಲು ನೆಲೆಸಿದವನು ಪ್ರಯಾಣಿಕನಲ್ಲ, ಅವನಿಗೆ ಒಂದು ದಿನವೇ. ನಡುವೆ ಕಳಚಿದರೆ ರಿಯಾಯಿತಿ ಮುಗಿಯಿತು, ವುಝೂ ಇದ್ದರೆ ಕಾಲನ್ನು ಮಾತ್ರ ತೊಳೆದುಕೊಳ್ಳಬೇಕು. ಸ್ನಾನ ಕಡ್ಡಾಯವಾದರೆ ಕಳಚಲೇಬೇಕು. ಸಾಧಾರಣ ಕಾಲುಚೀಲದ ಮೇಲೆ ಸವರಿದರೆ ನಮ್ಮ ಮದ್‌ಹಬಿನಲ್ಲಿ ಸಾಲದು. ಹನಫೀ ಮನೆಗಳವರು ತಮ್ಮ ಉಲಮಾಗಳಲ್ಲಿ ದಪ್ಪ ಕಾಲುಚೀಲದ ವಿವರ ಕೇಳಿಕೊಳ್ಳಲಿ.

ಚರ್ಮದ ಕಾಲುಚೀಲದಂತಿರುವ ಖುಫ್ಫ ಮುಸ್ಲಿಂ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಹಾಕಿ ಅದರ ಮೇಲೆ ಬೂಟು ಹಾಕಿದರೆ ಮಸೀದಿಯಲ್ಲಿ ಬೂಟು ಬಿಚ್ಚಿದರೂ ಖುಫ್ಫ ಉಳಿಯುತ್ತದೆ. ಬೂಟು ಕೊಳ್ಳುವಾಗ ಅದರ ಒಳಗೆ ಇದು ಹಿಡಿಸುವಂತೆ ಒಂದು ಅಳತೆ ದೊಡ್ಡದು ಕೊಳ್ಳಿರಿ, ಪಕ್ಕದಲ್ಲಿ ಜಿಪ್ ಇರುವುದನ್ನು ಕೊಳ್ಳಿರಿ. ಬೆಳಿಗ್ಗೆ ಮನೆಯಲ್ಲಿ ಬಿಸಿನೀರಿನಲ್ಲಿ ವುಝೂ ಮಾಡಿ ಖುಫ್ಫ ಹಾಕಿದವನಿಗೆ ಮಗ್ರಿಬ್‌ವರೆಗೆ ಕಾಲಿನ ಚಿಂತೆಯಿಲ್ಲ. ಸ್ವೆಟರಿನ ತೋಳನ್ನು ಅಂಗಡಿಯಲ್ಲೇ ಮೊಣಕೈ ಮೇಲಕ್ಕೆ ಸರಿಸಿ ಪರೀಕ್ಷಿಸಿರಿ. ಇನ್ನು ಖುಫ್ಫ ಸಿಗದವರು, ಕಾಲು ತೊಳೆದೇ ನಮಾಝ್ ಮಾಡುವವರು, ಧೈರ್ಯಗೆಡಬೇಕಾಗಿಲ್ಲ. ಕಷ್ಟದ ಹೊತ್ತಿನಲ್ಲೂ ವುಝೂವನ್ನು ಪೂರ್ಣವಾಗಿ ಮಾಡುವುದು ಪಾಪಗಳನ್ನು ಅಳಿಸುವ, ಪದವಿಯನ್ನು ಏರಿಸುವ ಕೆಲಸಗಳಲ್ಲಿ ಒಂದೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಪೆಟ್ಟಿಗೆಗೆ ಹಾಕಬೇಕಾದದ್ದು

ವಿಮಾನದಲ್ಲಿ ಸಾಮಾನ್ಯವಾಗಿ ಬಿಡುವುದು 23ರಿಂದ 30 ಕಿಲೋ. ಭಾರವಾದ ಕೋಟು, ಬೂಟು ಎರಡೇ ಮೂರು ಕಿಲೋ ನುಂಗುತ್ತವೆ, ಪುಸ್ತಕವೂ ಅಕ್ಕಿಯೂ ಬೇರೆ. ಹೀಗಾಗಿ ನನ್ನ ಸಲಹೆ, ಹೊರಗಿನ ದಪ್ಪ ಕೋಟನ್ನು ಇಲ್ಲಿಂದ ಕೊಂಡೊಯ್ಯಬೇಡಿರಿ. ಅಲ್ಲಿಯ ಚಳಿಗೆ ಅಲ್ಲಿಯವರು ಹೊಲಿದದ್ದೇ ತಕ್ಕದ್ದು. ಬಳಸಿದ ಬಟ್ಟೆಯನ್ನು ಶುಚಿಮಾಡಿ ಅಗ್ಗಕ್ಕೆ ಮಾರುವ ಅಂಗಡಿಗಳು ಆ ನಗರಗಳಲ್ಲೆಲ್ಲ ಇವೆ. ಶ್ರೀಮಂತರ ಮಕ್ಕಳೂ ಅಲ್ಲಿ ಕೊಳ್ಳುತ್ತಾರೆ, ನಾಚಿಕೆ ಬೇಡ. ಸೆಪ್ಟೆಂಬರಿನಲ್ಲಿ ತಲುಪುವವರಿಗೆ ನವೆಂಬರ್‌ವರೆಗೆ ಕಾಲಾವಕಾಶವಿದೆ. ಆ ತನಕಕ್ಕೆ ಕೊಡಗಿನ ಮಳೆಗಾಲದ ಜರ್ಕಿನ್ ಸಾಕು.

ಇಲ್ಲಿಂದ ಒಯ್ಯಬೇಕಾದದ್ದು ಒಳಪದರ. ಎರಡು ಜೊತೆ ಥರ್ಮಲ್, ಉದ್ದ ತೋಳಿನ ಮೂರು ಶರ್ಟು, ಎರಡು ಪ್ಯಾಂಟು, ಎರಡು ಸ್ವೆಟರ್, ಉಣ್ಣೆಯ ಐದಾರು ಜೊತೆ ಕಾಲುಚೀಲ, ಕಿವಿ ಮುಚ್ಚುವ ಒಂದು ಟೊಪ್ಪಿ, ಮಫ್ಲರ್, ಕೈಗವಸು. ಸ್ವೆಟರ್ ಹುಡುಕಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕುಶಾಲನಗರದ ಆಚೆ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿಯನ್ನರಿದ್ದಾರಲ್ಲ, ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಹೊತ್ತು ಮಾರುವುದು ಅವರ ಹಳೆಯ ಕಸುಬು. ಬಣ್ಣಗಳು ಕಪ್ಪು, ಬೂದು, ಕಡುನೀಲಿ ಇರಲಿ. ಯಾವ ಶರ್ಟಿಗೆ ಯಾವ ಪ್ಯಾಂಟು ಹಾಕಿದರೂ ಹೊಂದಬೇಕು. ಲೆಕ್ಕ ಹಾಕಿ ನೋಡಿರಿ, ಮೂರು ಶರ್ಟು, ಎರಡು ಪ್ಯಾಂಟು, ಎರಡು ಸ್ವೆಟರ್ ಸೇರಿದರೆ ಹನ್ನೆರಡು ಬಗೆಯಲ್ಲಿ ಉಡಬಹುದು. ಕೆಂಪು ಪ್ಯಾಂಟು ಒಂದು ಬಂದರೆ ಈ ಲೆಕ್ಕ ಕೆಟ್ಟಿತು. ಕೋಣೆಯಲ್ಲಿ ಉಡಲು ಎರಡು ಮುಂಡು, ಜುಮಾ ಮತ್ತು ಪೆರ್ನಾಳಿಗೆ ಒಂದು ಬಿಳಿ ಜುಬ್ಬ, ತೆಳುವಾದ ಒಂದು ಮುಸಲ್ಲಾ. ಜೊತೆಗೆ ಒಂದು ಚಿಕ್ಕ ಕಿಂಡಿಯೋ ಪ್ಲಾಸ್ಟಿಕ್ ಬಾಟಲಿಯೋ ಮರೆಯಬೇಡಿರಿ. ಉತ್ತರ ಯೂರೋಪಿನ ಹೆಚ್ಚಿನ ಶೌಚಾಲಯಗಳಲ್ಲಿ ಕಾಗದ ಬಿಟ್ಟರೆ ನೀರಿನ ವ್ಯವಸ್ಥೆಯಿಲ್ಲ!

ಸಹೋದರಿಯರಿಗೆ ಚಳಿಗಾಲ ಒಂದು ರೀತಿಯಲ್ಲಿ ಸುಲಭ. ಮೊಣಕಾಲಿನ ಕೆಳಗೆ ಬರುವ ಸಡಿಲವಾದ ಕೋಟು, ತಲೆಗೆ ಉಣ್ಣೆಯ ಸ್ಕಾರ್ಫ್, ಕೈಗವಸು, ಬೂಟು, ಇದು ಅಲ್ಲಿ ಎಲ್ಲ ಹೆಂಗಸರದ್ದೂ ಉಡುಪು. ಕೋಟಿನ ಕೆಳಗೆ ಸಡಿಲವಾದ ಪ್ಯಾಂಟೋ ಉದ್ದ ಲಂಗವೋ ಇದ್ದರಾಯಿತು. ನೆಲ ಗುಡಿಸುವಷ್ಟು ಉದ್ದದ ಅಬಾಯ ಹಿಮದಲ್ಲಿ ಮೊಣಕಾಲಿನವರೆಗೆ ಒದ್ದೆಯಾಗುತ್ತದೆ, ಹರಡುಗಂಟಿಗೆ ನಿಲ್ಲಿಸಿ ಕೆಳಗೆ ಬೂಟು ಹಾಕುವುದು ಲೇಸು. ನಾಲ್ಕೈದು ಹತ್ತಿ ಸ್ಕಾರ್ಫ್, ಎರಡು ಉಣ್ಣೆಯದು, ಒಂದು ನಮಾಝ್ ಕುಪ್ಪಾಯ ಸಾಕು. ಶಾಫಿಈ ಮದ್‌ಹಬಿನಲ್ಲಿ ನಮಾಝಿನ ಹೊತ್ತಿಗೆ ಸ್ತ್ರೀಯರ ಪಾದವೂ ಮುಚ್ಚಿರಬೇಕಾದ್ದರಿಂದ ದಪ್ಪ ಕಾಲುಚೀಲ ಎರಡು ಕೆಲಸ ಮಾಡುತ್ತದೆ. ಮುಖ ಮುಚ್ಚುವ ರೂಢಿಯಿರುವವರು ಹೋಗುವ ದೇಶದ ಕಾನೂನನ್ನು ಮೊದಲೇ ತಿಳಿದಿರಬೇಕು. ಸಾರ್ವಜನಿಕ ಸ್ಥಳದಲ್ಲಿ ಮುಖ ಮುಚ್ಚುವುದನ್ನು ಫ್ರಾನ್ಸ್ ಮತ್ತು ಬೆಲ್ಜಿಯಂ 2011ರಿಂದ, ಆಸ್ಟ್ರಿಯಾ 2017ರಿಂದ, ಡೆನ್ಮಾರ್ಕ್ 2018ರಿಂದ, ಸ್ವಿಟ್ಜರ್‌ಲೆಂಡ್ 2025ರಿಂದ ನಿಷೇಧಿಸಿವೆ. ಫ್ರಾನ್ಸಿನ ಸರಕಾರಿ ಶಾಲೆಗಳಲ್ಲಿ ವಿದ್ಯಾರ್ಥಿನಿಯರ ತಲೆವಸ್ತ್ರವನ್ನು ತಡೆಯುವ 2004ರ ಕಾನೂನು ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವುದಿಲ್ಲ. ಇದನ್ನೆಲ್ಲ ಉಸ್ತಾದರೊಂದಿಗೆ, ಅಲ್ಲಿ ಈಗಾಗಲೇ ಇರುವ ಸಹೋದರಿಯರೊಂದಿಗೆ ಮಾತಾಡಿ ದೇಶವನ್ನು ಆರಿಸುವ ಹಂತದಲ್ಲೇ ತೀರ್ಮಾನಿಸಿಕೊಳ್ಳಬೇಕು, ವಿಮಾನ ನಿಲ್ದಾಣದಲ್ಲಿ ಅಲ್ಲ.

ಕೊಳ್ಳುವಾಗ ನೋಡಬೇಕಾದ ಮೂರು ವಸ್ತುಗಳಿವೆ. ಮೊದಲನೆಯದು ಹಂದಿಯ ಚರ್ಮ. ಯೂರೋಪಿನ ಬೂಟುಗಳ ಒಳಪದರಕ್ಕೆ ಇದನ್ನು ಬಳಸುವುದುಂಟು. 1994ರ ಯೂರೋಪಿಯನ್ ನಿಯಮದಂತೆ ಅಲ್ಲಿಯ ಪಾದರಕ್ಷೆಗಳ ಮೇಲೆ ಚರ್ಮವೋ ಬಟ್ಟೆಯೋ ಬೇರೆ ವಸ್ತುವೋ ಎಂದು ಚಿತ್ರದ ಗುರುತು ಇರುತ್ತದೆ, ಆದರೆ ಚರ್ಮ ಯಾವ ಪ್ರಾಣಿಯದೆಂದು ಆ ಗುರುತು ಹೇಳುವುದಿಲ್ಲ. ಅಂಗಡಿಯವರಲ್ಲಿ ಕೇಳಬೇಕು, ಇಲ್ಲವೇ ಬಟ್ಟೆಯ ಒಳಪದರದ್ದನ್ನು ಕೊಳ್ಳಬೇಕು. ಉಳಿದ ಪ್ರಾಣಿಗಳ ಚರ್ಮ ಹದ ಮಾಡಿದಾಗ ಶುದ್ಧವಾಗುತ್ತದೆ, ನಾಯಿ ಹಂದಿಗಳದ್ದು ನಮ್ಮ ಮದ್‌ಹಬಿನಲ್ಲಿ ಹದ ಮಾಡಿದರೂ ಆಗುವುದಿಲ್ಲ. ಒದ್ದೆ ಕಾಲು ತಾಗಿದರೆ ಏಳು ಸಲ, ಅದರಲ್ಲೊಂದು ಸಲ ಮಣ್ಣು ಬೆರೆಸಿ ತೊಳೆಯಬೇಕಾಗುತ್ತದೆ. ಹಿಮದ ನಾಡಿನಲ್ಲಿ ಮಣ್ಣಿಗೆ ಎಲ್ಲಿಗೆ ಹೋಗುತ್ತೀರಿ? ಎರಡನೆಯದು ಬಾತು, ಹೆಬ್ಬಾತುಗಳ ಪುಕ್ಕ ತುಂಬಿದ ಜರ್ಕಿನ್. ಜೀವಂತ ಹಕ್ಕಿಯಿಂದಲೋ ಶರೀಅತ್ತಿನಂತೆ ಝಬಹ್ ಮಾಡಿದ ಹಕ್ಕಿಯಿಂದಲೋ ತೆಗೆದ ಪುಕ್ಕವಾದರೆ ಶುದ್ಧ, ಸತ್ತದ್ದರ ಪುಕ್ಕವಾದರೆ ಶಾಫಿಈ ಮದ್‌ಹಬಿನಲ್ಲಿ ನಜಸ್. ಹನಫೀಗಳಲ್ಲಿ ಈ ತೊಡಕಿಲ್ಲ. ಮೂಲ ತಿಳಿಯದಿದ್ದಾಗ ಏನೆಂಬುದನ್ನು ಉಸ್ತಾದರಲ್ಲಿ ಕೇಳಿರಿ. ಪಾಲಿಯೆಸ್ಟರ್ ತುಂಬಿದ್ದನ್ನು ಕೊಂಡರೆ ಪ್ರಶ್ನೆಯೇ ಏಳುವುದಿಲ್ಲ, ಬೆಲೆ ಕಡಿಮೆ, ತೇವ ತಗುಲಿದರೂ ಬೆಚ್ಚಗಿರುತ್ತದೆ. ಮೂರನೆಯದು ಗಂಡಸರಿಗೆ ರೇಷ್ಮೆ. ಟೈ, ಮಫ್ಲರ್, ಕೋಟಿನ ಅಸ್ತರುಗಳಲ್ಲಿ ನೋಡಿ ಕೊಳ್ಳಿರಿ.

ಬಟ್ಟೆ ಒಗೆಯುವುದು ಹಾಸ್ಟೆಲಿನ ಎಲ್ಲರೂ ಬಳಸುವ ಯಂತ್ರದಲ್ಲಿ. ನಜಸ್ ತಾಗಿದ ಬಟ್ಟೆಯನ್ನು ಮೊದಲು ನಲ್ಲಿಯ ಕೆಳಗೆ ಹಿಡಿದು, ಮೇಲಿನಿಂದ ನೀರು ಹರಿಸಿ ಶುದ್ಧಿ ಮಾಡಿಯೇ ಉಳಿದವುಗಳೊಂದಿಗೆ ಹಾಕಬೇಕು. ಉಣ್ಣೆಯನ್ನು ತಣ್ಣೀರಿನಲ್ಲಿ ಒಗೆದು, ಹಿಂಡದೆ, ಟವೆಲಿನ ಮೇಲೆ ಹರಡಿ ಒಣಗಿಸಿರಿ. ತೂಗುಹಾಕಿದರೆ ಜಗ್ಗಿ ಮೊಣಕಾಲಿಗೆ ಬರುತ್ತದೆ.

ಮನೆಯಲ್ಲಿ ಉಳಿದದ್ದು

ಮಗ ಹತ್ತು ಬಟ್ಟೆಯಲ್ಲಿ ಚಳಿಗಾಲ ಕಳೆಯಬಹುದಾದರೆ ನಮ್ಮ ಅಲಮಾರಿನಲ್ಲಿ ಇಷ್ಟೇಕೆ ಎಂದು ಮನೆಯವರೂ ಕೇಳಿಕೊಳ್ಳಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲುಗಳ ಬೆಟ್ಟ ಜರಿದು ಜನ ಉಟ್ಟ ಬಟ್ಟೆಯಲ್ಲಿ ಓಡಿ ಬಂದಾಗ ನಾಡೆಲ್ಲ ಮರುಗಿತು. ಲಾರಿಗಟ್ಟಲೆ ಸಾಮಾನು ಬಂತು. ಆದರೆ ಹಳೆಯ ಬಟ್ಟೆಯ ಮೂಟೆ ಬಿಚ್ಚಿದಾಗ ಸಿಗುವುದೇನು? ಗುಂಡಿಯಿಲ್ಲದ ಶರ್ಟು, ಜರಿ ಕಿತ್ತ ಸೀರೆ, ಒಂಟಿ ಕಾಲುಚೀಲ. ಮಳೆಯಲ್ಲಿ ನಡುಗುವವನಿಗೆ ಬೇಕಾದದ್ದು ಕಂಬಳಿ, ಸ್ವೆಟರ್, ಒಣಗಿದ ಒಳಉಡುಪು. ನಮಗೆ ಬೇಡವಾದದ್ದನ್ನು ಸಾಗಹಾಕುವುದಕ್ಕೆ ಸ್ವದಖಃ ಎಂಬ ಹೆಸರು ಕೊಡಬಾರದು. ಆಣೆ ಮುರಿದವನ ಪ್ರಾಯಶ್ಚಿತ್ತಗಳಲ್ಲಿ ಹತ್ತು ಮಂದಿ ಬಡವರಿಗೆ ಉಡಿಸುವುದೂ ಒಂದೆಂದು ಸೂರಃ ಅಲ್ ಮಾಇದಃದ 89ನೆಯ ಆಯತ್ತಿನಲ್ಲಿದೆ. ಉಡಿಸುವುದಕ್ಕೆ ಅಷ್ಟು ಬೆಲೆ. ಡಿಸೆಂಬರ್-ಜನವರಿಯಲ್ಲಿ ಕಾಫಿ ಕುಯ್ಯಲು ಅಸ್ಸಾಂ, ಬಂಗಾಳದಿಂದ ಬಂದು ನಮ್ಮ ತೋಟಗಳ ಲೈನು ಮನೆಗಳಲ್ಲಿ ಮಲಗುವವರಿದ್ದಾರೆ. ಅವರ ಮಕ್ಕಳ ಮೈಮೇಲೆ ಏನಿದೆಯೆಂದು ಬೆಳಗಿನ ಮಂಜಿನಲ್ಲಿ ಒಮ್ಮೆ ನೋಡಿ ಬನ್ನಿರಿ.

ಇನ್ನು ಅಲ್ಲಿ ಓದು ಮುಗಿಸಿ ಮರಳುವವರಿಗೆ ಒಂದು ಮಾತು. ಆ ದಪ್ಪ ಕೋಟು ಕೊಡಗಿನಲ್ಲಿ ಉಡಲಾಗದು, ಕೆಲಸಕ್ಕೆ ಗಲ್ಫಿಗೆ ಹೋದರಂತೂ ಕೇಳುವುದೇ ಬೇಡ. ಬೂಟೂ ಹಾಗೆಯೇ. ಹೊರಡುವ ಮುನ್ನ ಅವನ್ನು ಒಗೆದು, ಜಿಪ್ ಕೆಟ್ಟಿದ್ದರೆ ಸರಿಪಡಿಸಿ, ಅಲ್ಲಿಯ ಮಸೀದಿಯಲ್ಲಿ ಒಪ್ಪಿಸಿ ಬನ್ನಿರಿ. ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಹುಡುಗ ತೆಳು ಜರ್ಕಿನ್ನಿನಲ್ಲಿ ಬಂದಿಳಿಯುತ್ತಾನೆ.